ಪ್ಯಾನ್‌ಕೇಕ್‌ಗೆ ಎಷ್ಟು ತುತ್ತು?

ಜಾನೆಲ್: ಅದು ಕಣ್ಣಲ್ಲ, ಸೌತೆಕಾಯಿ ಅಂತ ಎಷ್ಟು ಸಲ ಹೇಳ್ಲಿ ನಿಂಗೆ!

ಟ್ರೆವರ್: ಎರಡು ಸೌತೆಕಾಯಿ ಬಿಲ್ಲೆ ಅಕ್ಕಪಕ್ಕ ಇಟ್ಟು, ಒಂದೊಂದರ ಮೇಲೂ ಒಂದು ಕಪ್ಪು ಆಲಿವ್ ಕೂರಿಸಿದ್ರೆ ಅದನ್ನ ಏನಂತಾರೆ?

ಜಾನೆಲ್: ಸಲಾಡ್.

ಟ್ರೆವರ್: ಅದರ ಕೆಳಗಿರೋ ಕ್ಯಾರೆಟ್ಟು?

ಜಾನೆಲ್: ಅದು... ಮೂಗು.

ಟ್ರೆವರ್: ಮೂಗಿನ ಕೆಳಗಿರೋ ಕೆಂಪು ದೊಣ್ಣೆಮೆಣಸಿನಕಾಯಿ?

ಜಾನೆಲ್: ನಗು. ಸರಿ ಮಾರಾಯ, ಮುಖಾನೇ ಅಂತ ಇಟ್ಕೋ! ಊಟಕ್ಕೆ ಹಟ ಮಾಡೋ ಮಕ್ಕಳಿಗೆ ತಟ್ಟೇಲಿ ತರಕಾರಿ ಮುಖ ಮಾಡಿಕೊಟ್ರೆ ಖುಷಿಯಾಗಿ ತಿಂತವೆ ಅಂತ ಊರಿಗೆ ಊರೇ ಹೇಳುತ್ತೆ.

ಟ್ರೆವರ್: ಊರಿನ ಮಕ್ಕಳ ಮಾತು ಬಿಡು. ನಮ್ಮ ಮಗಳು ಏನಂತ ಹಟ ಹಿಡಿದಿದಾಳೆ?

ಜಾನೆಲ್: (ದನಿ ತಗ್ಗಿಸಿ) ಮುಖ ಇರೋದನ್ನ ತಿನ್ನಲ್ಲ ಅಂತ.

ಟ್ರೆವರ್: ಹಾಂ!

ಮೇಜಿನ ಆ ತುದಿಯಲ್ಲಿ ಆರು ವರ್ಷದ ಹ್ಯಾಟಿ ತಟ್ಟೆಯ ಮೇಲೆ ಬಗ್ಗಿ ಮೆಲ್ಲಗೆ ಮಾತಾಡುತ್ತಿದ್ದಳು.

ಹ್ಯಾಟಿ: ಹೆದರ್ಬೇಡಿ ಗಿಲ್ಬರ್ಟ್ ಅವ್ರೇ. ನಿಮ್ಮನ್ನ ಯಾರೂ ಏನೂ ಮಾಡಲ್ಲ.

ಟ್ರೆವರ್: ತಗೋ, ನಾಮಕರಣವೂ ಆಯ್ತು.

ಜಾನೆಲ್: ಅದಕ್ಕೇನೀಗ? ತಟ್ಟೆ ತಿರುಗಿಸಿಬಿಡು, ಮುಖ ಹೋಗುತ್ತೆ.

ಟ್ರೆವರ್ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದ. ನಗು ತಲೆಕೆಳಗಾಯಿತು.

ಹ್ಯಾಟಿ: ಅಪ್ಪಾ! ಈಗ ಅವ್ರು ಅಳ್ತಿದಾರೆ!

ಗಾಬರಿಗೊಂಡ ಟ್ರೆವರ್ ಮುಖವನ್ನು ಕೆಡಿಸಲೆಂದು ಒಂದು ಸೌತೆಕಾಯಿ ಬಿಲ್ಲೆಯನ್ನು ಎತ್ತಿ ಬಾಯಿಗೆ ಹಾಕಿಕೊಂಡ.

ಹ್ಯಾಟಿ: ಅಮ್ಮಾ! ಅಪ್ಪ ಗಿಲ್ಬರ್ಟ್ ಅವ್ರ ಕಣ್ಣು ತಿಂದುಬಿಟ್ಟ!

ನೆಬ್ರಾಸ್ಕಾದ ನಮ್ಮ ಕಡೆ ಮನುಷ್ಯರಿಗಿಂತ ದನಗಳೇ ಹೆಚ್ಚು. ಇಲ್ಲಿ ಚರ್ಚು ಬಿಟ್ಟವನನ್ನು ಒಂದು ವಾರ ಆಡಿಕೊಳ್ಳುತ್ತಾರೆ. ಮಾಂಸ ಬಿಟ್ಟವನನ್ನು ಸಾಯುವವರೆಗೂ ಆಡಿಕೊಳ್ಳುತ್ತಾರೆ. ಅಂಥ ಊರಿನಲ್ಲಿ ಟ್ರೆವರ್ ದನದ ಸಂತೆಯ ಹರಾಜುಗಾರ. ಅವನಪ್ಪ ಓರ್ವಿಲ್ ದನ ಸಾಕುವವನು. ವಸಂತದಲ್ಲಿ ಓರ್ವಿಲ್‌ನ ಕೊಟ್ಟಿಗೆಯಲ್ಲಿ ತಾಯಿ ಸತ್ತ ಒಂದು ಕರು ಉಳಿಯಿತು. ಹ್ಯಾಟಿ ಅದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸಿದಳು, ಪ್ಯಾನ್‌ಕೇಕ್ ಎಂದು ಹೆಸರಿಟ್ಟಳು. ಆಮೇಲೊಂದು ದಿನ ಊಟಕ್ಕೆ ಕೂತಾಗ ಹ್ಯಾಂಬರ್ಗರ್ ಎಲ್ಲಿಂದ ಬರುತ್ತದೆ ಎಂದು ಕೇಳಿದಳು. ಟ್ರೆವರ್ ನಿಜ ಹೇಳಿದ. ಜೀವಮಾನವಿಡೀ ಒಂದು ಹಸುವನ್ನು ಹತ್ತು ಹಸುವಿನಷ್ಟು ಹೊಗಳಿ ಮಾರಿದವನಿಗೆ ಅವತ್ತೇ ನಿಜ ಹೇಳುವ ಬುದ್ಧಿ ಯಾಕೆ ಬಂತೋ ದೇವರಿಗೇ ಗೊತ್ತು.

ಅವತ್ತಿನಿಂದ ಹ್ಯಾಟಿ ಮಾಂಸ ಬಿಟ್ಟಳು. ಹಾಲು ಕರುವಿನದು ಎಂದು ಹಾಲು, ಬೆಣ್ಣೆ, ಚೀಸ್ ಬಿಟ್ಟಳು. ಒಬ್ಬಳಿಗಾಗಿ ಬೇರೆ ಅಡುಗೆ ಮಾಡುವವರು ಯಾರು ಎಂದು ಜಾನೆಲ್ ಇಡೀ ಮನೆಯನ್ನೇ ಗಿಡದ ಊಟಕ್ಕೆ ಹಚ್ಚಿದಳು. ತೊಂದರೆ ಒಂದೇ: ಹ್ಯಾಟಿ ಗಿಡವನ್ನೂ ತಿನ್ನುತ್ತಿರಲಿಲ್ಲ.

ಟ್ರೆವರ್: ಇನ್ನೇನು ಅಪ್ಪ ಬಂದ. ಬಂದವನೇ ಏನು ಕೇಳ್ತಾನೆ ಗೊತ್ತಲ್ಲ?

ಜಾನೆಲ್: 'ಹುಡುಗಿ ಹಸಿರು ಏನಾದ್ರೂ ತಿಂದ್ಲಾ?'

ಟ್ರೆವರ್: ತಿಂದಿಲ್ಲ ಅಂದ್ರೆ?

ಜಾನೆಲ್: ಈ ಮನೆಗೆ ಮಾಂಸ ವಾಪಸ್ಸು, ಗುರುವಾರದ ಸಂತೆಗೆ ಪ್ಯಾನ್‌ಕೇಕ್.

ಟ್ರೆವರ್: ಗುರುವಾರ ಮೈಕ್ ಹಿಡಿದು ಕೂಗೋನು ಯಾರು? ನಾನು! ಮಗಳು ಹಾಲು ಕುಡಿಸಿ ಬೆಳೆಸಿದ ಕರೂನ ನನ್ನ ಬಾಯಿಂದ್ಲೇ ಮಾರಿಸ್ತಾನೆ. ಆಮೇಲೆ ಅವಳು ನನ್ನ ಮುಖ ನೋಡ್ತಾಳಾ?

ಜಾನೆಲ್: ನೋಡ್ತಾಳೆ. ತಿನ್ನಲ್ಲ, ಅಷ್ಟೇ.

ಟ್ರೆವರ್: ತಮಾಷೆ ಬೇಡ ಕಣೇ. ನಿಜವಾಗ್ಲೂ ಹೆದರಿಕೆ ಆಗ್ತಿದೆ ನಂಗೆ.

ಜಾನೆಲ್: ನಂಗೆ ಆಗ್ತಿಲ್ವಾ? ಏನೇನು ಮಾಡಿಲ್ಲ ಹೇಳು! ಪಾಲಕ್ ಅರೆದು ಮಫಿನ್‌ಗೆ ಹಾಕಿದೆ. ನಾಯಿಗೆ ಕೊಟ್ಲು. ನಾಯಿ ನಂಗೆ ತಂದು ಕೊಡ್ತು. ಕಪ್ಪು ಬೀನ್ಸ್ ರುಬ್ಬಿ ಚಾಕೊಲೇಟ್ ಕೇಕ್ ಮಾಡಿದೆ. ಪೂರ್ತಿ ನೀನು ತಿಂದೆ.

ಟ್ರೆವರ್: ಅದು ಬೀನ್ಸಾ?

ಜಾನೆಲ್: ಕೊನೇಗೆ ಬೆಳಿಗ್ಗೆ ಪ್ಯಾನ್‌ಕೇಕ್ ಮಾಡೋಣ ಅಂದ್ರೆ, ಕರುವಿನ ಹೆಸರಂತೆ, ಅದೂ ಮುಟ್ಟಲ್ವಂತೆ! ಈಗ ಉಳಿದಿರೋದು ಬರೀ ಬೇಯಿಸಿದ ಮ್ಯಾಕರೋನಿ.

ಹ್ಯಾಟಿ: ಮ್ಯಾಕರೋನಿಗೆ ಹೆಸರಿಲ್ಲ ಅಮ್ಮಾ. ಅವು ತುಂಬಾ ಜನ.

ಟ್ರೆವರ್: ಬುದ್ಧಿಯೆಲ್ಲ ನಿನ್ನ ಕಡೇದು. ನಮ್ಮ ಮನೇಲಿ ಯಾರೂ ಊಟದ ಬಗ್ಗೆ ಇಷ್ಟು ಯೋಚನೆ ಮಾಡಿದೋರಿಲ್ಲ.

ಜಾನೆಲ್: ನಿನಗೇನಪ್ಪ ಯೋಚನೆ! ಸಂತೆ ಕ್ಯಾಂಟೀನಲ್ಲಿ ಬಾರಿಸ್ತೀಯ. ಕಳೆದ ಗುರುವಾರ ಅಂಗಿ ಮೇಲಿದ್ದ ಸಾಸಿವೆ ಸಾಸಿನ ಕಲೆ ನಾನು ನೋಡಿಲ್ಲ ಅಂದ್ಕೊಂಡ್ಯಾ?

ಟ್ರೆವರ್: ಸಾಸಿವೆ ಗಿಡದಲ್ಲೇ ಬಿಡೋದು!

ಜಾನೆಲ್: ಅದು ಯಾವುದರ ಮೇಲೆ ಬಿಟ್ಟಿತ್ತು ಅಂತ ಹೇಳು.

ಸಿಕ್ಕಿಬಿದ್ದಾಗಲೆಲ್ಲ ಟ್ರೆವರ್ ಹರಾಜು ಶುರುಮಾಡುತ್ತಾನೆ. ಮದುವೆಯಾಗ್ತೀಯಾ ಎಂದು ಜಾನೆಲ್‌ಳನ್ನು ಕೇಳಿದ್ದೂ ಹಾಗೆಯೇ. ಬೇಯಿಸಿದ ಬೀನ್ಸ್ ಬಟ್ಟಲನ್ನು ಎತ್ತಿ ಹಿಡಿದು, ಮರದ ಸೌಟಿನಿಂದ ಮೇಜು ಕುಟ್ಟಿದ.

ಟ್ರೆವರ್: ಹಾಯೋ ಹೋರಿ ಮಾರಿದೀನಿ, ಕುಂಟ ಕುದುರೆ ಮಾರಿದೀನಿ. ಒಂದು ಬಟ್ಟಲು ಬೀನ್ಸ್ ಮಾರೋಕಾಗಲ್ವಾ? ಬನ್ನಿ ಬನ್ನಿ, ಬಟ್ಟಲಿನ ಬೀನ್ಸು, ಎಳೇ ಬೀನ್ಸು, ಒಂದು ತುತ್ತು ಯಾರು ತಿಂತೀರಿ, ಒಂದು ಒಂದು ಒಂದು, ಒಂದು ಬಂದ್ರೆ ಎರಡು, ಹ್ಯಾಟಿ ಒಂದಾ?

ಹ್ಯಾಟಿ: ಎದುರಿಗೆ ಯಾರೂ ಕೂಗದೇ ಇರೋವಾಗ ನಾನ್ಯಾಕೆ ಕೂಗ್ಲಿ? ತಾತ ಹೇಳಿಕೊಟ್ಟಿದಾನೆ.

ಟ್ರೆವರ್: ಜಾನೆಲ್, ಎದುರಿಗೆ ಕೂಗು. ಬೇಗ!

ಜಾನೆಲ್: ಒಂದು!

ಟ್ರೆವರ್: ಒಂದು ಬಂತು! ಎರಡು ಎರಡು, ಹ್ಯಾಟಿ ಎರಡಾ? ಇಲ್ವಾ? ಜಾನೆಲ್ ಎರಡಾ?

ಜಾನೆಲ್: ಎರಡು!

ಟ್ರೆವರ್: ಎರಡು ಬಂತು, ಮೂರು ಮೂರು, ಮೂರು ಅನ್ನಮ್ಮ, ಮೂರು!

ಜಾನೆಲ್: ಮೂರು! ನಾಲ್ಕು! ಪೂರ್ತಿ ಬಟ್ಟಲು!

ಟ್ರೆವರ್: ಮಾರಾಟ! ಹಸಿರು ಏಪ್ರನ್ ಹಾಕಿರೋ ಹೆಂಗಸಿಗೆ!

ಟ್ರೆವರ್ ಬಟ್ಟಲನ್ನು ಜಾನೆಲ್ ಮುಂದೆ ಇಟ್ಟ.

ಜಾನೆಲ್: ಈಗ ನಾನು ಕೊಂಡ್ಕೊಂಡಿದ್ದು ಏನು?

ಹ್ಯಾಟಿ: ಬೀನ್ಸು ಅಮ್ಮಾ. ನಿನ್ನೆದುರಿಗೆ ಯಾರೂ ಇರ್ಲಿಲ್ಲ. ನಿನ್ನ ಮೇಲೆ ನೀನೇ ಕೂಗಿದೆ.

ಹರಾಜಿನಲ್ಲಿ ಆಡಿದ ಮಾತಿಗೆ ನಮ್ಮ ಕಡೆ ಯಾರೂ ತಪ್ಪುವುದಿಲ್ಲ. ಜಾನೆಲ್ ಕೂತು ಬೀನ್ಸ್ ತಿನ್ನತೊಡಗಿದಳು. ಇನ್ನೂ ಬಾಯಿ ತುಂಬಿರುವಾಗಲೇ ಅಂಗಳದಲ್ಲಿ ಟ್ರಕ್ಕಿನ ಸದ್ದಾಯಿತು. ಓರ್ವಿಲ್ ಒಳಬಂದು, ಟೋಪಿ ತೆಗೆದು ಮೊಳೆಗೆ ನೇತುಹಾಕಿ, ಬೆಳ್ಳಿ ಕಾಗದ ಮುಚ್ಚಿದ ದೊಡ್ಡ ಟ್ರೇಯನ್ನು ಒಲೆಯ ಪಕ್ಕ ಇಟ್ಟ. ಭಾನುವಾರದ ಊಟಕ್ಕೆ ಇಲ್ಲಿ ಬರಿಗೈಯಲ್ಲಿ ಯಾರೂ ಬರುವುದಿಲ್ಲ. ಟ್ರೆವರ್‌ನ ಮೂಗು ತಾನಾಗಿಯೇ ಆ ಕಡೆ ತಿರುಗಿತು.

ಓರ್ವಿಲ್: ರಾತ್ರಿಯೆಲ್ಲ ಹೊಗೆಯಲ್ಲಿ ಬೆಂದಿರೋ ಎದೆಮಾಂಸ. ಹುಡುಗಿ ತಿಂದ್ಲಾ?

ಜಾನೆಲ್: ನಾನು ತಿಂದೆ ಮಾವ.

ಓರ್ವಿಲ್: ನಿನ್ನನ್ನ ಯಾರು ಕೇಳಿದ್ರು? ಮೇಜಿನ ಮೇಲಿರೋದು ಯಾವ ಪ್ರಾಣಿ?

ಜಾನೆಲ್: ಮಸೂರ ಬೇಳೆ ಮಾವ. ಬೇಳೆ, ಅಕ್ರೋಟು ಅರೆದು, ಇಟ್ಟಿಗೆ ಥರ ಒತ್ತಿ ಬೇಯಿಸಿದೀನಿ. ಪಕ್ಕದಲ್ಲಿ ಬ್ರೊಕೊಲಿ.

ಓರ್ವಿಲ್: ಇಟ್ಟಿಗೆ ಕಟ್ಟೋಕೆ, ತಿನ್ನೋಕಲ್ಲ. ಹ್ಯಾಟಿ, ಬಾ ಇಲ್ಲಿ. ಕೈ ತೋರಿಸು. ನೋಡು ಟ್ರೆವರ್, ಬೇಲಿ ಗೂಟಕ್ಕೆ ಫ್ರಾಕು ಹಾಕಿದ ಹಾಗಿದಾಳೆ ಹುಡುಗಿ! ನನ್ನ ಮೊಮ್ಮಗಳು ಸೊರಗಿ ಹೋಗೋದನ್ನ ನಾನು ನೋಡ್ಕೊಂಡು ಕೂರಲ್ಲ. ಇವತ್ತು ನನ್ನ ಕಣ್ಣೆದುರು ಹಸಿರು ತಿಂದ್ರೆ ಸರಿ. ಇಲ್ಲ ಅಂದ್ರೆ ಗುರುವಾರ ಕರು ಸಂತೆಗೆ. ಕರು ಇರೋ ತನಕ ಇವಳು ಮಾಂಸ ಮುಟ್ಟಲ್ಲ.

ಹ್ಯಾಟಿ: ತಾತ, ಪ್ಯಾನ್‌ಕೇಕ್‌ನ ಮಾರಲೇಬೇಕಾ?

ಓರ್ವಿಲ್: ನಿನ್ನ ಒಳ್ಳೇದಕ್ಕೇ ಪುಟ್ಟಿ.

ಹ್ಯಾಟಿ: ಹಾಗಾದ್ರೆ ಗುರುವಾರ ಯಾಕೆ? ಇವತ್ತೇ ಮಾರು. ಅಪ್ಪ ಇಲ್ಲೇ ಇದಾನೆ.

ಟ್ರೆವರ್: ಹ್ಯಾಟಿ!

ಹ್ಯಾಟಿ: ದುಡ್ಡಲ್ಲಿ ಬೇಡ, ನನ್ನ ಹತ್ರ ಇಲ್ಲ. ತುತ್ತಲ್ಲಿ. ಯಾರು ಜಾಸ್ತಿ ತುತ್ತು ತಿಂತಾರೋ ಅವರದ್ದು ಕರು.

ಓರ್ವಿಲ್ ಗಲ್ಲ ಉಜ್ಜಿಕೊಂಡ. ಅವನ ತಲೆಯೊಳಗೆ ಲೆಕ್ಕ ಓಡುವುದು ಹೊರಗಿದ್ದವರಿಗೂ ಕಾಣುತ್ತಿತ್ತು. ತಾನು ಎದುರು ಕೂಗಿದಷ್ಟೂ ಹುಡುಗಿ ಹೆಚ್ಚು ತಿನ್ನಬೇಕಾಗುತ್ತದೆ. ಐದಾರು ತುತ್ತಿಗೆ ಏರಿಸಿ ಬಿಟ್ಟುಬಿಟ್ಟರೆ ಮಗುವಿನ ಹೊಟ್ಟೆಗೂ ಹೋಯಿತು, ಹಟವೂ ಮುರಿಯಿತು.

ಓರ್ವಿಲ್: ಮಾಲೀಕ ತನ್ನ ದನಕ್ಕೆ ತಾನೇ ಕೂಗಬಹುದು. ಬೆಲೆ ಸಾಲದೇ ಇದ್ರೆ ಉಳಿಸ್ಕೊಳ್ಳೋಕೆ. ಅದು ರೂಢಿ. ಒಪ್ಪಿಗೆನಾ?

ಹ್ಯಾಟಿ: ಒಪ್ಪಿಗೆ. ತಲೆ ಆಡಿಸಿದ್ರೂ ಕೂಗಿದ ಹಾಗೇ ಅಲ್ವಾ ತಾತ?

ಓರ್ವಿಲ್: ಇಷ್ಟು ವರ್ಷ ಸಂತೇಲಿ ಬಾಯಿ ಬಿಟ್ಟೋನಲ್ಲ ನಾನು. ನನ್ನ ತಲೆ ಆಡಿತು ಅಂದ್ರೆ ಅದೇ ಮಾತು.

ಟ್ರೆವರ್: ಅದಕ್ಕೇ ಅಲ್ವಾ ಕತ್ತೆ ಬಂದಿದ್ದು.

ಓರ್ವಿಲ್: ಕತ್ತೆ ಮಾತು ಎತ್ತಬೇಡ!

ಈ ಕತ್ತೆಯ ಕಥೆ ಜಿಲ್ಲೆಗೆಲ್ಲ ಗೊತ್ತು. ಒಮ್ಮೆ ಸಂತೆಯಲ್ಲಿ ಓರ್ವಿಲ್ ಪರಿಚಯದವರಿಗೆ ತಲೆಯಾಡಿಸಿ ನಮಸ್ಕಾರ ಹೇಳಿದ. ಅದನ್ನೇ ಕೂಗು ಎಂದುಕೊಂಡ ಹರಾಜುಗಾರ ಮುದಿ ಕತ್ತೆಯೊಂದನ್ನು ಅವನ ಹೆಸರಿಗೆ ಬರೆದ. ಓರ್ವಿಲ್ ತಕರಾರು ಮಾಡಲಿಲ್ಲ, ಕತ್ತೆಯನ್ನು ಮನೆಗೆ ಹೊಡೆದುಕೊಂಡು ಬಂದ. ಕೊಟ್ಟ ಬೆಲೆಗಿಂತ ಕಡಿಮೆಗೆ ಯಾವುದನ್ನೂ ಮಾರುವವನಲ್ಲ, ಆ ಬೆಲೆಗೆ ಅದನ್ನು ಕೇಳುವ ಹುಚ್ಚರು ಇನ್ನೂ ಹುಟ್ಟಿಲ್ಲ. ಕತ್ತೆ ಇವತ್ತಿಗೂ ಅವನ ಹುಲ್ಲು ತಿಂದುಕೊಂಡು ಸುಖವಾಗಿದೆ.

ಟ್ರೆವರ್ ಸೌಟು ಹಿಡಿದು ನಿಂತ. ಕೂಗಲು ಮನಸ್ಸಿರಲಿಲ್ಲ. ಆದರೆ ಸೌಟು ಮೇಜಿಗೆ ತಾಗಿದ್ದೇ ತಡ, ನಾಲಿಗೆ ತನ್ನ ಕೆಲಸ ತಾನು ಮಾಡಿತು.

ಟ್ರೆವರ್: ಬನ್ನಿ ಬನ್ನಿ, ಕಪ್ಪು ಕರು, ಬಿಳೀ ಹಣೆ, ಮನೇಲಿ ಬೆಳೆದದ್ದು, ಮಗು ಸಾಕಿದ್ದು... (ಕೆಮ್ಮಿ) ಒಂದು ತುತ್ತು ಯಾರು, ಒಂದು ಒಂದು ಒಂದು?

ಹ್ಯಾಟಿ: ಒಂದು.

ಓರ್ವಿಲ್: ಮೂರು.

ಹ್ಯಾಟಿ: ನಾಲ್ಕು.

ಓರ್ವಿಲ್: ತಡಿ. ತುತ್ತು ಅಂದ್ರೆ ಯಾರ ಬಾಯಿ ಅಳತೆ?

ಜಾನೆಲ್: ಅವರವರ ಬಾಯಿ ಮಾವ. ಇಟ್ಟಿಗೇದು ಒಂದು ತುಂಡು, ಮೇಲೊಂದು ಬ್ರೊಕೊಲಿ. ಅದು ಒಂದು ತುತ್ತು.

ಓರ್ವಿಲ್: ನನ್ನ ಬಾಯಿ ದೊಡ್ಡದು!

ಜಾನೆಲ್: ಅದು ಎಲ್ಲರಿಗೂ ಗೊತ್ತು.

ಓರ್ವಿಲ್: ಎಂಟು!

ಹ್ಯಾಟಿ: ಒಂಬತ್ತು.

ಟ್ರೆವರ್: ಒಂಬತ್ತು ಬಂತು ಒಂಬತ್ತು, ಹತ್ತು ಹತ್ತು, ಹತ್ತು ಯಾರು? ಅಪ್ಪಾ, ಸಾಕು ಬಿಡೋ, ಮಗು ಒಂಬತ್ತು ತಿಂತೀನಿ ಅಂತಿದಾಳೆ!

ಓರ್ವಿಲ್: ಹರಾಜುಗಾರ ಬುದ್ಧಿ ಹೇಳಬಾರದು. ಹನ್ನೆರಡು.

ಬಿಡಬೇಕೆಂದುಕೊಂಡ ಜಾಗ ಓರ್ವಿಲ್‌ಗೆ ದಾಟಿಹೋಗಿತ್ತು. ಅವನ ಕಿವಿ ಕೆಂಪಾಗಿತ್ತು. ಎದುರು ಕೂತವರು ಯಾರು, ಮಾರುತ್ತಿರುವುದು ಏನು, ಎಲ್ಲವೂ ಮರೆತಿತ್ತು. ಯಾರೋ ತನ್ನ ಮೇಲೆ ಕೂಗುತ್ತಿದ್ದಾರೆ ಎಂಬುದೊಂದೇ ತಲೆಯಲ್ಲಿತ್ತು.

ಹ್ಯಾಟಿ: ಹದಿಮೂರು.

ಓರ್ವಿಲ್: ಹದಿನೈದು!

ಹ್ಯಾಟಿ: (ಮೆಲ್ಲಗೆ) ಹದಿನಾರು.

ಓರ್ವಿಲ್ ಬಾಯಿ ತೆರೆದ. ಆಗಲೇ ಬ್ರೊಕೊಲಿ ಪಾತ್ರೆ ಅವನ ಕಣ್ಣಿಗೆ ಬಿತ್ತು. ಬಾಯಿ ಮುಚ್ಚಿದ. ಕೈ ಕಟ್ಟಿ ಹಿಂದಕ್ಕೆ ಒರಗಿ ನಕ್ಕ.

ಓರ್ವಿಲ್: ನಂಗೆ ಸಾಕು. ಹುಡುಗಿ ತಿನ್ನಲಿ. ಹದಿನಾರು!

ಟ್ರೆವರ್: ಹದಿನಾರು... ಒಂದು ಸಾರಿ.

ಹ್ಯಾಟಿಯ ಮುಖ ಬಿಳಿಚಿತು. ಜೀವಮಾನದಲ್ಲಿ ಒಂದು ಬಟಾಣಿಯನ್ನೂ ನುಂಗದವಳು ಹದಿನಾರು ತುತ್ತು ಎಲ್ಲಿಂದ ನುಂಗಬೇಕು? ನುಂಗದಿದ್ದರೆ ಕರುವೂ ಹೋಯಿತು, ಮಾತೂ ಹೋಯಿತು. ಅವಳು ತಾತನನ್ನು ನೋಡಿದಳು, ತಾತನ ಮುಂದಿನ ಲೋಟವನ್ನು ನೋಡಿದಳು.

ಟ್ರೆವರ್: ಎರಡು ಸಾರಿ...

ಹ್ಯಾಟಿ: ಅಮ್ಮಾ, ತಾತನ ಲೋಟ ಖಾಲಿಯಾಗಿದೆ.

ಜಾನೆಲ್: ಅಯ್ಯೋ, ನೋಡಲೇ ಇಲ್ಲ. ಮಾವ, ಇನ್ನೊಂದು ಚೂರು ಐಸ್ ಟೀ ಹಾಕ್ಲಾ?

ಓರ್ವಿಲ್ ಹೂಂ ಎಂದು ತಲೆಯಾಡಿಸಿದ.

ಟ್ರೆವರ್: ಹದಿನೇಳು! ಹದಿನೇಳು ಬಂತು ಅಪ್ಪನಿಂದ, ಹದಿನೆಂಟು ಹದಿನೆಂಟು, ಹ್ಯಾಟಿ ಹದಿನೆಂಟಾ?

ಹ್ಯಾಟಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕಂಬದಂತೆ ಕೂತಳು.

ಟ್ರೆವರ್: ಒಂದು ಸಾರಿ ಎರಡು ಸಾರಿ ಮೂರು ಸಾರಿ, ಮಾರಾಟ! ಓರ್ವಿಲ್ ಅವರಿಗೆ!

ಓರ್ವಿಲ್: ಏಯ್! ನಾನು ತಲೆ ಆಡಿಸಿದ್ದು ಟೀಗೆ!

ಟ್ರೆವರ್: (ಆಗತಾನೆ ನಿದ್ದೆಯಿಂದ ಎದ್ದವನಂತೆ) ಏನು ಟೀ?

ಓರ್ವಿಲ್: ನಿನ್ನ ಹೆಂಡ್ತಿ ಕೇಳಿದ್ಲು!

ಜಾನೆಲ್: ಕೇಳಿದ್ದು ಹೌದು ಮಾವ. ಹಾಕಿಯೂ ಹಾಕಿದೆ.

ಓರ್ವಿಲ್: ಇದು ಲೆಕ್ಕಕ್ಕಿಲ್ಲ!

ಹ್ಯಾಟಿ: ತಾತ, ಕತ್ತೇದೂ ಹೀಗೇ ಅಲ್ವಾ ಆಗಿದ್ದು? ಅದನ್ನ ನೀನು ಲೆಕ್ಕಕ್ಕಿಲ್ಲ ಅಂದ್ಯಾ?

ಓರ್ವಿಲ್ ಮಗನನ್ನು ನೋಡಿದ, ಸೊಸೆಯನ್ನು ನೋಡಿದ, ಮೊಳೆಗೆ ನೇತಾಡುತ್ತಿದ್ದ ತನ್ನ ಟೋಪಿಯನ್ನೂ ನೋಡಿದ. ಯಾರೂ ಸಹಾಯಕ್ಕೆ ಬರಲಿಲ್ಲ. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ.

ಓರ್ವಿಲ್: ಚಮಚ ಕೊಡು.

ಮೊದಲ ತುತ್ತಿಗೆ ಕಣ್ಣು ಮುಚ್ಚಿದ. ಎರಡನೆಯದಕ್ಕೆ ತೀರಿಕೊಂಡ ಹೆಂಡತಿಯನ್ನು ನೆನೆದ. ನಡುವೆ ಎಲ್ಲೋ ಉಪ್ಪು ಕೇಳಿದ, ಆಮೇಲೆ ಕೆಚಪ್ ಕೇಳಿದ, ಆಮೇಲೆ ಏನೂ ಕೇಳದೆ ತಿಂದ. ಟ್ರೆವರ್ ಈ ಸಮಯ ನೋಡಿಕೊಂಡು ಒಲೆಯ ಕಡೆ ಜಾರಿ ಬೆಳ್ಳಿ ಕಾಗದದ ಅಂಚು ಎತ್ತಿದ.

ಜಾನೆಲ್: (ತಿರುಗಿ ನೋಡದೆ) ಕೈ.

ಟ್ರೆವರ್ ಕಾಗದವನ್ನು ಬಿಟ್ಟ.

ಓರ್ವಿಲ್: (ಕೊನೆಯ ತುತ್ತು ನುಂಗಿ) ಮುಗೀತು. ಈ ಇಟ್ಟಿಗೆಗೆ ಏನು ಹಾಕಿದೀಯ ಅಂದೆ?

ಜಾನೆಲ್: ಬೇಳೆ, ಅಕ್ರೋಟು, ಈರುಳ್ಳಿ.

ಓರ್ವಿಲ್: ಹೂಂ. ತಳ ಸೀದಿರೋ ಕಡೆ ಪರವಾಗಿಲ್ಲ.

ಹ್ಯಾಟಿ: ತಾತ, ಈಗ ಪ್ಯಾನ್‌ಕೇಕ್ ನಿಂದೇ ಅಲ್ವಾ?

ಓರ್ವಿಲ್: ಕೊಂಡ್ಕೊಂಡಿದೀನಲ್ಲ, ಮತ್ತೆ ಯಾರದ್ದು!

ಹ್ಯಾಟಿ: ಗುರುವಾರ ಅವನನ್ನ ಎಷ್ಟಕ್ಕೆ ಮಾರ್ತೀಯ?

ಟ್ರೆವರ್ ಸೌಟನ್ನು ಗಟ್ಟಿಯಾಗಿ ಹಿಡಿದುಕೊಂಡ.

ಓರ್ವಿಲ್: ಮಾರೋದಾ? ಆ ಕರೂಗೆ ಹದಿನೇಳು ತುತ್ತು ಬ್ರೊಕೊಲಿ ಕೊಟ್ಟಿದೀನಿ ನಾನು! ಕೊಟ್ಟ ಬೆಲೆಗಿಂತ ಕಮ್ಮಿಗೆ ಈ ಕೈಯಿಂದ ಒಂದು ಕೋಳೀನಾದ್ರೂ ಹೋಗಿದ್ಯಾ? ಹೇಳು ಟ್ರೆವರ್, ನಿನ್ನ ಸಂತೇಲಿ ಹದಿನೇಳು ತುತ್ತು ಬ್ರೊಕೊಲಿ ತಿನ್ನೋ ಗಂಡಸು ಯಾರಿದಾನೆ?

ಟ್ರೆವರ್: ಒಬ್ಬನೂ ಇಲ್ಲ ಅಪ್ಪ.

ಓರ್ವಿಲ್: ಮತ್ತೆ! ಅಂಥವನು ಬರೋ ತನಕ ಕತ್ತೆ ಪಕ್ಕ ಕಟ್ಟು. ಮೇಯಲಿ.

ಟ್ರೆವರ್ ಸೌಟು ಇಟ್ಟು ಕಣ್ಣೊರೆಸಿಕೊಂಡ. ಸಂತೋಷದಿಂದಲೇ ಒರೆಸಿಕೊಂಡದ್ದು. ಹ್ಯಾಟಿ ಎದ್ದು ಹೋಗಿ ತಾತನ ಕೊರಳು ತಬ್ಬಿಕೊಂಡಳು, ವಾಪಸು ಬಂದು ಮ್ಯಾಕರೋನಿ ಬಟ್ಟಲನ್ನು ಹತ್ತಿರ ಎಳೆದುಕೊಂಡಳು.

ಜಾನೆಲ್: ತಡಿ ತಡಿ. ನಾನು ಬೀನ್ಸ್ ತಿಂದೆ. ಅಪ್ಪ ಸೌತೆಕಾಯಿ ತಿಂದ. ತಾತ ಇಡೀ ಇಟ್ಟಿಗೆ ಮುಗಿಸಿದ್ರು. ಯಾರಿಗೋಸ್ಕರ ಬೆಳಿಗ್ಗೆಯಿಂದ ಒದ್ದಾಡ್ತಿದೀನೋ, ಆ ಮಹಾರಾಣಿ ಏನು ತಿಂದ್ಲು?

ಹ್ಯಾಟಿ: ನಾನು ಹರಾಜಲ್ಲಿ ಸೋತೆ ಅಲ್ವಾ ಅಮ್ಮಾ. ಸೋತೋರು ತಿನ್ನೋ ಹಾಗಿಲ್ಲ.

ಓರ್ವಿಲ್‌ನ ಹುಬ್ಬು ಮೆಲ್ಲಗೆ ಗಂಟಾಯಿತು.

ಓರ್ವಿಲ್: ಹ್ಯಾಟಿ, ಹದಿನಾರು ಅಂತ ಕೂಗಿದಾಗ ನಿಂಗೆ ಹೆದರಿಕೆ ಆಗ್ಲಿಲ್ವಾ?

ಹ್ಯಾಟಿ: ತುಂಬಾ ಆಯ್ತು.

ಓರ್ವಿಲ್: ಅಷ್ಟು ಹೆದರಿಕೇಲೂ ನನ್ನ ಲೋಟ ಖಾಲಿ ಇರೋದು ಹೇಗೆ ಕಾಣಿಸ್ತು?

ಹ್ಯಾಟಿ: ನೀನೇ ಹೇಳಿಕೊಟ್ಟಿದೀಯಲ್ಲ ತಾತ. ಸಂತೇಲಿ ದನ ನೋಡಬಾರದು, ಎದುರು ಕೂಗೋನನ್ನ ನೋಡ್ತಿರಬೇಕು ಅಂತ.

ಹ್ಯಾಟಿ ಐಸ್ ಟೀ ಜಗ್ಗನ್ನು ಎರಡೂ ಕೈಯಲ್ಲಿ ಎತ್ತಿದಳು.

ಹ್ಯಾಟಿ: ಇನ್ನೊಂದು ಲೋಟ ಹಾಕ್ಲಾ ತಾತ?

ಓರ್ವಿಲ್ ತಟ್ಟನೆ ಎರಡೂ ಕೈಯಿಂದ ತನ್ನ ತಲೆಯನ್ನು ಅಲ್ಲಾಡದಂತೆ ಹಿಡಿದುಕೊಂಡ.

ಓರ್ವಿಲ್: ಬೇಡ! ಎಲ್ಲರೂ ಕೇಳಿಸ್ಕೊಳ್ಳಿ, ಬಾಯಲ್ಲಿ ಹೇಳ್ತಿದೀನಿ. ಬೇಡ!